ವೇಗದ ಜೀನ್ ಇಲ್ಲದ ಹುಡುಗ: ದಕ್ಷಿಣ ಕೊಡಗಿನ ಒಂದು ಪ್ರಕರಣ

ಹುಡುಗನ ವಯಸ್ಸು ಹದಿನಾಲ್ಕು ವರ್ಷ ನಾಲ್ಕು ತಿಂಗಳು. ಎತ್ತರ 148 ಸೆಂ.ಮೀ., ತೂಕ 37 ಕೆ.ಜಿ. ಶಾಲೆಯ ಹಾಕಿ ತಂಡದಲ್ಲಿ ಫಾರ್ವರ್ಡ್. ಒಂದು ಕ್ರೀಡಾ ವಸತಿ ನಿಲಯದ ಆಯ್ಕೆಗೆ ಹೋಗಿ ಹೊರಬಿದ್ದಿದ್ದ. ಅದಾದ ಮೇಲೆ ಮನೆಯವರು ಅವನಿಗೆ ಡಿಎನ್‌ಎ ಪರೀಕ್ಷೆ ಮಾಡಿಸಿದರು. ‘ವೇಗ ಮತ್ತು ಪವರ್ ಕಡಿಮೆ, ಸ್ಟ್ಯಾಮಿನಾ ಜಾಸ್ತಿ’ ಎಂದು ವರದಿ ಬಂತು. ಹಾಕಿ ಬಿಡಿಸಿ ದೂರದ ಓಟಕ್ಕೆ ಹಾಕುವುದು ಎಂದು ಅಪ್ಪ ತೀರ್ಮಾನಿಸಿದರು. ಶಾಲೆಯ ಪಿಟಿ ಮೇಷ್ಟ್ರಿಗೆ ಇದು ಸರಿ ಕಾಣಲಿಲ್ಲ. ಅವರು ನನ್ನನ್ನು ಕರೆದರು. ನಾನು ವ್ಯಾಯಾಮ ಶರೀರಶಾಸ್ತ್ರ ಓದಿಕೊಂಡು ಶಾಲೆ, ಕ್ಲಬ್ ತಂಡಗಳ ಜತೆ ಕೆಲಸ ಮಾಡುವವನು.

ಗುರುತು ಸಿಗಬಾರದೆಂದು ಊರಿನ ಹೆಸರು ಬಿಟ್ಟಿದ್ದೇನೆ, ಒಂದೆರಡು ವಿವರ ಬದಲಿಸಿದ್ದೇನೆ.

ಮನೆ

ಕಾಫಿ ತೋಟದೊಳಗಿನ ಮನೆ. ಒಕ್ಕದ, ಅಂದರೆ ಕೊಡವ ಮನೆತನದ, ಹೆಸರಿನಲ್ಲಿ ಹಾಕಿ ತಂಡ ಇರುವ ಕುಟುಂಬ. ಕೊಡಗಿನ ಹೊರಗಿರುವವರಿಗೆ ಇದರ ತೂಕ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಹಾಕಿ ಹಬ್ಬ ಶುರು ಮಾಡಿದರು. ಆಗ ಆಡಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಹಾಕಿ ನಮ್ಮೆಯಲ್ಲಿ (ನಮ್ಮೆ ಎಂದರೆ ಹಬ್ಬ) 360 ಕುಟುಂಬಗಳ ತಂಡಗಳಿದ್ದವು. ಅಜ್ಜ, ಮಗ, ಮಗಳು, ಮೊಮ್ಮಗ ಎಲ್ಲರೂ ಒಂದೇ ತಂಡದಲ್ಲಿ ಆಡುವುದುಂಟು. ಇಂಥ ಮನೆಯ ಹುಡುಗ ಆಯ್ಕೆಯಲ್ಲಿ ಬಿದ್ದರೆ ಮದುವೆ ಮನೆಯಲ್ಲೂ ಅದೇ ಮಾತು.

ಅಜ್ಜ ಸೇನೆಯಲ್ಲಿದ್ದು ಬಂದವರು. ಅವರ ಪ್ರಶ್ನೆ ನೇರವಾಗಿತ್ತು. ‘ನಮ್ಮ ರಕ್ತದಲ್ಲೇ ಹಾಕಿ ಇದೆ. ಇವನು ಯಾಕೆ ಹೀಗೆ?’

ಅಪ್ಪ ಹೇಳಿದರು: ‘ಆ ರಕ್ತದಲ್ಲಿ ಏನಿದೆ ಅಂತ ನೋಡೋಣ ಅಂತಲೇ ಟೆಸ್ಟ್ ಮಾಡಿಸಿದ್ದು ಸರ್.’

ಅಜ್ಜ, ಅಪ್ಪ ಇಬ್ಬರಿಗೂ ಜಗಳ ನಡೆಯುತ್ತಿತ್ತು. ಆದರೆ ನಂಬಿಕೆ ಇಬ್ಬರದೂ ಒಂದೇ. ಆಟ ಎನ್ನುವುದು ಹುಟ್ಟುವಾಗಲೇ ಒಳಗೆ ಬರೆದಿರುತ್ತದೆ. ಅದನ್ನು ಓದಲು ಒಬ್ಬರು ಒಕ್ಕದ ಚರಿತ್ರೆ ಹಿಡಿದಿದ್ದರು, ಇನ್ನೊಬ್ಬರು ಲ್ಯಾಬಿನ ಕಾಗದ ಹಿಡಿದಿದ್ದರು.

‘ರಕ್ತ’ದ ಮಾತು ಕೊಡಗಿನಲ್ಲಿ ಬಹಳ ಕೇಳುತ್ತೇವೆ, ಅದಕ್ಕೆ ಕಾರಣವೂ ಇದೆ. 2011ರ ಜನಗಣತಿಯ ಪ್ರಕಾರ ಇಡೀ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷ. ಇಷ್ಟು ಚಿಕ್ಕ ಜಿಲ್ಲೆ 1975ರಲ್ಲಿ ವಿಶ್ವಕಪ್ ಗೆದ್ದ ತಂಡಕ್ಕೆ ಬಿ. ಪಿ. ಗೋವಿಂದ ಅವರನ್ನು ಕೊಟ್ಟಿತು, 1980ರ ಮಾಸ್ಕೋ ಚಿನ್ನದ ತಂಡಕ್ಕೆ ಎಂ. ಎಂ. ಸೋಮಯ್ಯ ಅವರನ್ನು ಕೊಟ್ಟಿತು. ಆದರೆ ಇದೇ ಜಿಲ್ಲೆಯ ಸೋಮವಾರಪೇಟೆಯಿಂದ ಹೋಗಿ ಭಾರತ ತಂಡಕ್ಕೆ ಆಡಿದ ಅರ್ಜುನ್ ಹಾಲಪ್ಪ, ಎಸ್. ವಿ. ಸುನಿಲ್ ಕೊಡವ ಒಕ್ಕಗಳಿಂದ ಬಂದವರಲ್ಲ. ಅದರಲ್ಲೂ ಸುನಿಲ್ ಹೆಸರಾಗಿದ್ದೇ ವೇಗಕ್ಕೆ. ಅವರೆಲ್ಲರಿಗೂ ಸಮಾನವಾಗಿ ಸಿಕ್ಕಿದ್ದು ಊರಿಗೊಂದು ಮೈದಾನ, ಕೈಗೊಂದು ಸ್ಟಿಕ್, ನೋಡಿ ಕಲಿಯಲು ದೊಡ್ಡವರು. ಕೆಲವರು ಇಲ್ಲಿನ ಎತ್ತರದ ಗಾಳಿಯನ್ನೂ ಹೊಗಳುತ್ತಾರೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ರಕ್ತದಲ್ಲಿ ಕೆಂಪು ಕಣ ಹೆಚ್ಚಾಗಲೆಂದು ಓಟಗಾರರು ಹೋಗಿ ಇರುವ ಜಾಗಗಳು ಸಾಮಾನ್ಯವಾಗಿ 2,000 ಮೀಟರ್‌ನ ಸುತ್ತ ಅಥವಾ ಅದಕ್ಕಿಂತ ಮೇಲಿರುತ್ತವೆ. ಕೆನ್ಯಾದ ಇಟೆನ್ ಊರು ಸುಮಾರು 2,400 ಮೀಟರ್. ನಮ್ಮ ಗಾಳಿ ಚೆನ್ನಾಗಿದೆ, ಅಷ್ಟೇ.

ವರದಿ ಹೇಳಿದ್ದು

ಬೆಂಗಳೂರಿನ ನೆಂಟರೊಬ್ಬರು ಸಲಹೆ ಕೊಟ್ಟಿದ್ದರು. ಕೊರಿಯರ್‌ನಲ್ಲಿ ಕಿಟ್ ಬಂತು. ಹುಡುಗ ಟ್ಯೂಬಿಗೆ ಎಂಜಲು ಹಾಕಿ ಕಳಿಸಿದ. ಕೆಲವು ವಾರದ ನಂತರ ಫೋನಿಗೆ ಪಿಡಿಎಫ್ ಬಂತು. ಬಣ್ಣಬಣ್ಣದ ಪುಟಗಳು. ‘ಪವರ್’ ಮೀಟರಿನ ಮುಳ್ಳು ಕೆಂಪಿನಲ್ಲಿತ್ತು, ‘ಸ್ಟ್ಯಾಮಿನಾ’ ಮೀಟರಿನದು ಹಸಿರಿನಲ್ಲಿ. ಕೊನೆಯಲ್ಲಿ ಅವನಿಗೆ ಹೊಂದುವ ಆಟಗಳ ಪಟ್ಟಿ: ಮ್ಯಾರಥಾನ್, ಸೈಕ್ಲಿಂಗ್, ದೂರದ ಈಜು. ಹಾಕಿ ಅದರಲ್ಲಿ ಇರಲಿಲ್ಲ.

ಇಷ್ಟೆಲ್ಲ ಬಣ್ಣದ ಹಿಂದೆ ಮುಖ್ಯವಾಗಿ ಇದ್ದದ್ದು ಎಸಿಟಿಎನ್-3 ಎಂಬ ಒಂದೇ ಜೀನ್. ಇದು ಆಲ್ಫಾ-ಆಕ್ಟಿನಿನ್-3 ಎಂಬ ಪ್ರೋಟೀನ್ ತಯಾರಿಸುತ್ತದೆ. ನಮ್ಮ ಸ್ನಾಯುವಿನಲ್ಲಿ ನಿಧಾನವಾಗಿ ಕುಗ್ಗಿ ಬಹಳ ಹೊತ್ತು ದುಡಿಯುವ ಎಳೆಗಳಿವೆ, ಥಟ್ಟನೆ ಕುಗ್ಗಿ ಬೇಗ ಸುಸ್ತಾಗುವ ಎಳೆಗಳೂ ಇವೆ. ಈ ಪ್ರೋಟೀನ್ ಇರುವುದು ಎರಡನೆಯ ಬಗೆಯಲ್ಲಿ ಮಾತ್ರ. ಎಳೆಯೊಳಗಿನ ಸಣ್ಣ ತಂತುಗಳನ್ನು ಒಟ್ಟಿಗೆ ಹಿಡಿದಿಡುವುದು ಅದರ ಕೆಲಸ. ಈ ಜೀನ್‌ನಲ್ಲಿ ಎರಡು ರೂಪಗಳು ಸಿಗುತ್ತವೆ, ಆರ್ ಮತ್ತು ಎಕ್ಸ್. ಎಕ್ಸ್ ರೂಪದಲ್ಲಿ ನಡುವೆಯೇ ‘ನಿಲ್ಲಿಸು’ ಎಂಬ ಸೂಚನೆ ಬಂದುಬಿಡುತ್ತದೆ, ಪ್ರೋಟೀನ್ ಪೂರ್ತಿ ಆಗುವುದಿಲ್ಲ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಎಕ್ಸ್ ಬಂದರೆ ಆ ಪ್ರೋಟೀನ್ ಮೈಯಲ್ಲಿ ಇರುವುದೇ ಇಲ್ಲ. ನಮ್ಮ ಹುಡುಗ ಹಾಗೆ, ಎಕ್ಸ್‌ಎಕ್ಸ್.

ಇದು ಕಾಯಿಲೆ ಅಲ್ಲ. ಅಪರೂಪವೂ ಅಲ್ಲ. ಯುರೋಪಿನ ಮೂಲದವರಲ್ಲಿ ಸುಮಾರು 18% ಜನ ಹೀಗಿದ್ದಾರೆ, ಏಷ್ಯಾದಲ್ಲಿ ಹೆಚ್ಚು ಕಡಿಮೆ ನಾಲ್ವರಲ್ಲಿ ಒಬ್ಬರು. ಆಕ್ಟಿನಿನ್-2 ಎಂಬ ಇನ್ನೊಂದು ಪ್ರೋಟೀನ್ ಆ ಜಾಗ ತುಂಬುತ್ತದೆ. 2021ರ ಒಂದು ಅಧ್ಯಯನದಲ್ಲಿ ಗಂಡಸರನ್ನು 14 ಡಿಗ್ರಿ ತಣ್ಣೀರಿನಲ್ಲಿ ಕೂರಿಸಿ ನೋಡಿದಾಗ, ಎಕ್ಸ್‌ಎಕ್ಸ್ ಇದ್ದವರೇ ಮೈಯ ಬಿಸಿ ಚೆನ್ನಾಗಿ ಉಳಿಸಿಕೊಂಡರು. ಕೊಡಗಿನ ಆಟಿ ಮಳೆಗೆ ಇದು ಒಳ್ಳೆಯದೇ ಅಲ್ವಾ? ವರದಿಯಲ್ಲಿ ಈ ಸಾಲು ಇರಲಿಲ್ಲ.

ಎಸಿಟಿಎನ್-3ಗೂ ವೇಗಕ್ಕೂ ಸಂಬಂಧ ಇದೆ. ಅದು ಸುಳ್ಳಲ್ಲ. 2003ರಲ್ಲಿ ಆಸ್ಟ್ರೇಲಿಯಾದ ಅಧ್ಯಯನವೊಂದು ಸಾಮಾನ್ಯರಲ್ಲಿ 18% ಎಕ್ಸ್‌ಎಕ್ಸ್ ಇದ್ದರೆ, ಉನ್ನತ ಮಟ್ಟದ ಸ್ಪ್ರಿಂಟ್ ಮತ್ತು ಪವರ್ ಆಟಗಾರರಲ್ಲಿ ಸುಮಾರು 6% ಮಾತ್ರ ಎಂದು ತೋರಿಸಿತು. ಬೇರೆ ಕಡೆಗಳಲ್ಲೂ ಇದೇ ದಿಕ್ಕಿನ ಫಲಿತಾಂಶಗಳು ಬಂದಿವೆ. ಆಟದ ಜೀನ್‌ಗಳ ಸಾಲಿನಲ್ಲಿ ಇಷ್ಟು ಗಟ್ಟಿಯಾಗಿ ನಿಂತಿರುವುದು ಬೇರೆ ಇಲ್ಲವೆಂದೇ ಹೇಳಬಹುದು. ಒಲಿಂಪಿಕ್ 100 ಮೀಟರ್ ಫೈನಲ್‌ನಲ್ಲಿ ಎಕ್ಸ್‌ಎಕ್ಸ್ ಓಟಗಾರರು ಕಡಿಮೆ ಇರುತ್ತಾರೆ ಎಂದರೆ ನಾನು ಒಪ್ಪುತ್ತೇನೆ.

ಆದರೆ ಆ ಫೈನಲ್‌ನಿಂದ ಹಿಂದಕ್ಕೆ ನಡೆದು ಒಂಬತ್ತನೇ ಕ್ಲಾಸಿನ ಹುಡುಗನ ಭವಿಷ್ಯ ಹೇಳಲು ಆಗುತ್ತದೆಯೇ? ಗ್ರೀಸ್‌ನಲ್ಲಿ ಹರೆಯದ ಮಕ್ಕಳನ್ನು 40 ಮೀಟರ್ ಓಡಿಸಿ ನೋಡಿದ 2007ರ ಅಧ್ಯಯನ ಇದಕ್ಕೆ ಬಹಳ ಹತ್ತಿರದ್ದು. ಹುಡುಗರ ಓಟದ ವೇಗದಲ್ಲಿ ಕಂಡ ವ್ಯತ್ಯಾಸದಲ್ಲಿ ಈ ಜೀನ್‌ನ ಪಾಲು 2.3%. ಉಳಿದ 97 ಚಿಲ್ಲರೆ ಪಾಲು ಬೇರೆಯದ್ದು. ಅದೇ ವರ್ಷ ಸ್ಪೇನ್‌ನ ಒಬ್ಬ ಉದ್ದಜಿಗಿತಗಾರನ ವಿವರ ಪ್ರಕಟವಾಯಿತು. ಅವನು 8.26 ಮೀಟರ್ ಜಿಗಿದವನು, ಒಲಿಂಪಿಕ್ಸ್‌ಗೆ ಹೋದವನು. ಅವನ ಜೀನ್ ಎಕ್ಸ್‌ಎಕ್ಸ್.

ಅಪ್ಪ ಸುಮ್ನೆ ಒಪ್ಪುವವರಲ್ಲ. ‘ಸರಿ ಸರ್, ವೇಗ ಬಿಡಿ. ಎಕ್ಸ್‌ಎಕ್ಸ್ ಅಂದ್ರೆ ದೂರ ಓಡೋದಕ್ಕೆ ಒಳ್ಳೇದು ಅಂತ ಇದೆಯಲ್ಲ? ಕೆನ್ಯಾದವರ ಹಾಗೆ?’ ಎಂದು ಕೇಳಿದರು.

ಉತ್ತರ ಕೇಳಿ ಅವರಿಗೆ ಆಶ್ಚರ್ಯವಾಯಿತು. ಕೆನ್ಯಾದ ಜನರಲ್ಲಿ ಎಕ್ಸ್‌ಎಕ್ಸ್ ಇರುವವರು ಸುಮಾರು 1% ಅಷ್ಟೇ. ಜಗತ್ತಿನ ದೂರದ ಓಟವನ್ನು ಆಳುತ್ತಿರುವವರ ಹತ್ತಿರ ಈ ‘ದೂರದ ಓಟದ ರೂಪ’ ಇಲ್ಲವೇ ಇಲ್ಲ ಎನ್ನಬಹುದು. ಜಮೈಕಾದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿನ ಸ್ಪ್ರಿಂಟರ್‌ಗಳಲ್ಲಿ ಆರ್ ರೂಪ ತುಂಬಾ ಇದೆ, ನಿಜ. ಆದರೆ ಅಲ್ಲಿನ ಬೀದಿಯಲ್ಲಿ ನಡೆದುಹೋಗುವವರಲ್ಲೂ ಅಷ್ಟೇ ಇದೆ.

ಹಾಗಂತ ಮೈಯ ಶಕ್ತಿಗೂ ಹುಟ್ಟಿಗೂ ಸಂಬಂಧ ಇಲ್ಲ ಎಂದು ನಾನು ಹೇಳಲಿಲ್ಲ. ಹಾಗೆ ಹೇಳುವ ಕೋಚ್‌ಗಳೂ ಇದ್ದಾರೆ, ಅದು ಇನ್ನೊಂದು ಅತಿ. ಹೆರಿಟೇಜ್ ಎಂಬ ದೊಡ್ಡ ಅಧ್ಯಯನದಲ್ಲಿ ಅಪ್ಪ, ಅಮ್ಮ, ಮಕ್ಕಳು ಸೇರಿ 98 ಕುಟುಂಬಗಳ 481 ಮಂದಿಗೆ 20 ವಾರ ಒಂದೇ ಬಗೆಯ ತರಬೇತಿ ಕೊಟ್ಟರು. ವಿಓ2 ಮ್ಯಾಕ್ಸ್, ಅಂದರೆ ಮೈ ಒಂದು ನಿಮಿಷದಲ್ಲಿ ಅತಿ ಹೆಚ್ಚು ಎಷ್ಟು ಆಮ್ಲಜನಕ ಬಳಸಬಲ್ಲದು ಎನ್ನುವ ಲೆಕ್ಕ, ಸರಾಸರಿ 400 ಮಿ.ಲೀ.ನಷ್ಟು ಏರಿತು. ಕೆಲವರಿಗೆ ಏನೂ ಏರಲಿಲ್ಲ. ಕೆಲವರಿಗೆ ಒಂದು ಲೀಟರ್ ದಾಟಿತು. ಈ ವ್ಯತ್ಯಾಸದಲ್ಲಿ ಸುಮಾರು 47% ಹುಟ್ಟಿನಿಂದ ಬಂದದ್ದು ಎಂಬ ಅಂದಾಜು ಸಿಕ್ಕಿತು. ಹುಟ್ಟಿನ ಪಾಲು ದೊಡ್ಡದೇ. ಆದರೆ ಅದು ಒಂದು ಜೀನ್‌ನಲ್ಲಿ ಕೂತಿಲ್ಲ. ಎತ್ತರವನ್ನೇ ನೋಡಿ. ಅಳೆಯಲು ಒಂದು ಟೇಪ್ ಸಾಕು, ಅಷ್ಟು ಸರಳ. ಅದರ ಹಿಂದೆ 12,000 ಜೀನ್ ವ್ಯತ್ಯಾಸಗಳು ಇವೆ ಎಂದು 50 ಲಕ್ಷಕ್ಕೂ ಹೆಚ್ಚು ಜನರ ಡಿಎನ್‌ಎ ನೋಡಿ 2022ರಲ್ಲಿ ಪ್ರಕಟಿಸಿದರು. ಎತ್ತರಕ್ಕೇ ಇಷ್ಟಾದರೆ, ಗೋಲಿನ ಮುಂದಿನ ಡಿ ವೃತ್ತದೊಳಗೆ ಇಬ್ಬರು ಡಿಫೆಂಡರ್‌ಗಳ ನಡುವೆ ಚೆಂಡು ತಿರುಗಿಸುವುದಕ್ಕೆ ಎಷ್ಟಿರಬೇಡ?

2015ರಲ್ಲಿ ಈ ಕ್ಷೇತ್ರದ ತಜ್ಞರು ಸೇರಿ ಒಂದು ಹೇಳಿಕೆ ಹೊರಡಿಸಿದರು. ಪ್ರತಿಭೆ ಗುರುತಿಸಲು ಅಥವಾ ತರಬೇತಿ ಬದಲಿಸಲು ಯಾವ ಮಗುವಿಗೂ ಇಂಥ ಪರೀಕ್ಷೆ ಮಾಡಿಸಬಾರದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಒಂದೇ ಮಾತು ಕೇಳಿದರು. ‘ಹಾಗಾದ್ರೆ ವರದಿ ಹೇಳಿದ ಹಾಗೇ ಇವನು ನಿಧಾನ ಯಾಕಿದ್ದಾನೆ? ಸುಸ್ತಾಗದೆ ಓಡೋದೂ ನಿಜವೇ ಅಲ್ವಾ?’

ಇಡೀ ಪ್ರಕರಣದಲ್ಲಿ ಇದೇ ಒಳ್ಳೆಯ ಪ್ರಶ್ನೆ.

ಮೈದಾನದಲ್ಲಿ ಕಂಡಿದ್ದು

ಅವನನ್ನೂ ಅವನ ತಂಡದವರನ್ನೂ ಒಟ್ಟಿಗೆ ಓಡಿಸಿದೆವು. 30 ಮೀಟರ್ ಓಟದಲ್ಲಿ ಅವನು 5.3 ಸೆಕೆಂಡು ತೆಗೆದುಕೊಂಡ. ಅದೇ ಆಯ್ಕೆಯಲ್ಲಿ ಪಾಸಾದ ತಂಡದ ಎತ್ತರದ ಹುಡುಗ 4.7. ಇಷ್ಟು ವ್ಯತ್ಯಾಸ ಇದ್ದರೆ ಯಾವ ಆಯ್ಕೆಗಾರನ ಕಣ್ಣಿಗೂ ಬೀಳುತ್ತದೆ. ಆದರೆ ಮೊದಲ ಐದು ಮೀಟರ್‌ನಲ್ಲಿ ಇಬ್ಬರೂ ಹೆಚ್ಚು ಕಡಿಮೆ ಸಮ. ಹದಿನೈದು ದಾಟಿದ ಮೇಲೆ ಎತ್ತರದವನು ಬಿಟ್ಟುಕೊಂಡು ಹೋಗುತ್ತಿದ್ದ. ಅವನ ಹೆಜ್ಜೆ ಉದ್ದ, ಇವನದು ಚಿಕ್ಕದು.

ಆಮೇಲೆ ಅದೇ 30 ಮೀಟರ್ ಓಟವನ್ನು ಸ್ವಲ್ಪ ಸ್ವಲ್ಪವೇ ವಿರಾಮ ಕೊಟ್ಟು ಆರು ಸಲ ಓಡಿಸಿದೆವು. ಆರನೆಯ ಓಟದಲ್ಲಿ ಎತ್ತರದವನು 5.2ಕ್ಕೆ ಇಳಿದಿದ್ದ. ಇವನು 5.5. ಆರು ಹತ್ತಂಶದ ಅಂತರ ಮೂರಕ್ಕೆ ಬಂದಿತ್ತು.

ಮೊದಲ ನೋಟಕ್ಕೆ ಇದು ವರದಿ ಹೇಳಿದ್ದನ್ನೇ ಹೇಳುತ್ತದೆ. ವೇಗ ಇಲ್ಲ, ಸ್ಟ್ಯಾಮಿನಾ ಇದೆ. ಅಪ್ಪ ಮೈದಾನದ ಬದಿಯಲ್ಲಿ ನಿಂತು ನನ್ನ ಕಡೆ ಒಂದು ನೋಟ ಬೀರಿದರು.

ಆದರೆ ಹರೆಯಕ್ಕೆ ಬರುವ ಮುಂಚಿನ ಯಾವ ಗಂಡು ಮಗುವನ್ನು ಹೀಗೆ ಓಡಿಸಿದರೂ ಬಹಳ ಮಟ್ಟಿಗೆ ಇದೇ ಚಿತ್ರ ಬರುತ್ತದೆ. ಮಕ್ಕಳ ಸ್ನಾಯು ಆಮ್ಲಜನಕ ಬಳಸಿ ಶಕ್ತಿ ಮಾಡಿಕೊಳ್ಳುವುದರಲ್ಲಿ ಚುರುಕು. ಆಮ್ಲಜನಕ ಇಲ್ಲದೆ ಥಟ್ಟನೆ ದೊಡ್ಡ ಶಕ್ತಿ ಸಿಡಿಸುವುದರಲ್ಲಿ ಹಿಂದೆ. ಹಾಗಾಗಿ ಅವರ ಒಂದು ಓಟದ ವೇಗ ಕಡಿಮೆ, ಆದರೆ ಓಟ ಓಟಗಳ ನಡುವೆ ಬೇಗ ಸುಧಾರಿಸಿಕೊಳ್ಳುತ್ತಾರೆ. ಹರೆಯದಲ್ಲಿ ಟೆಸ್ಟೋಸ್ಟಿರಾನ್ ಏರಿದಾಗ ಸ್ನಾಯು ದಪ್ಪವಾಗುತ್ತದೆ, ಕಾಲು ಉದ್ದವಾಗುತ್ತದೆ, ಸಿಡಿಯುವ ಶಕ್ತಿ ಬರುತ್ತದೆ. ಜತೆಗೆ ಬೇಗ ಸುಸ್ತಾಗುವುದೂ ಬರುತ್ತದೆ.

ಅಂದರೆ ನಾವು ಹೋಲಿಸುತ್ತಿದ್ದದ್ದು ಇಬ್ಬರು ಹದಿನಾಲ್ಕರ ಹುಡುಗರನ್ನಲ್ಲ. ಮೈ ಲೆಕ್ಕದಲ್ಲಿ ಒಬ್ಬ ಗಂಡಸಾಗಿಬಿಟ್ಟಿದ್ದ, ಇನ್ನೊಬ್ಬ ಇನ್ನೂ ಮಗು. ವರದಿ ‘ಹೊಂದಿದ್ದು’ ಈ ಕಾರಣಕ್ಕೆ. ಎಕ್ಸ್‌ಎಕ್ಸ್ ಬದಲು ಆರ್‌ಆರ್ ಎಂದು ಬಂದಿದ್ದರೂ ಆ ದಿನ ಅವನು ಐದೂ ಚಿಲ್ಲರೆ ಸೆಕೆಂಡಿಗೇ ಓಡುತ್ತಿದ್ದ.

ಹುಟ್ಟಿದ ತಿಂಗಳೂ ಅವನ ಕಡೆ ಇರಲಿಲ್ಲ. ಅವನು ಡಿಸೆಂಬರ್‌ನವನು. ವಯೋಮಿತಿಯನ್ನು ಜನವರಿ 1ರಿಂದ ಲೆಕ್ಕ ಹಾಕುವುದರಿಂದ, ಅದೇ ವರ್ಷದ ಜನವರಿಯಲ್ಲಿ ಹುಟ್ಟಿದವನ ಜತೆ ಇವನು ನಿಲ್ಲಬೇಕು. ಹನ್ನೊಂದು ತಿಂಗಳ ವ್ಯತ್ಯಾಸ ಅಲ್ಲೇ ಹೋಯಿತು. ಕೆನಡಾದ ಐಸ್ ಹಾಕಿಯಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಆಯ್ಕೆಯಾಗುತ್ತಾರೆ ಎಂದು 1980ರ ದಶಕದಲ್ಲೇ ಗಮನಿಸಿದ್ದರು.

ಅಮ್ಮ ತೆಗೆದ ಫೋಟೋ

ಅಪ್ಪನ ಎತ್ತರ 175 ಸೆಂ.ಮೀ., ಅಮ್ಮನದು 160. ಗಂಡು ಮಗುವಿಗೆ ಇವೆರಡನ್ನೂ ಕೂಡಿಸಿ, 13 ಸೇರಿಸಿ, ಎರಡರಿಂದ ಭಾಗಿಸುತ್ತಾರೆ. 174 ಬಂತು. ಎಂಟು ಸೆಂ.ಮೀ. ಆಚೀಚೆ ಆಗಬಹುದು, ಆದರೂ ಒಂದು ಅಂದಾಜು. 148 ಎಂದರೆ ಅದರ 85%. ಹುಡುಗರು ಜೋರಾಗಿ ಉದ್ದವಾಗುವ ಕಾಲ ಸಾಮಾನ್ಯವಾಗಿ 90%ರ ಸುತ್ತ ಬರುತ್ತದೆ, ಸರಾಸರಿ ಹದಿನಾಲ್ಕನೇ ವಯಸ್ಸಿಗೆ. ಇವನಿಗೆ ಅದು ಇನ್ನೂ ಬಂದಿರಲಿಲ್ಲ.

ನಾನು ಲೆಕ್ಕ ಮಾಡುತ್ತಿದ್ದಾಗ ಅಮ್ಮ ಒಳಗೆ ಹೋಗಿ ಒಂದು ಫೋಟೋ ತಂದರು. ಅಪ್ಪನ ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋ. ಅಪ್ಪ ಮುಂದಿನ ಸಾಲಿನಲ್ಲಿ, ನೆಲದ ಮೇಲೆ, ಕ್ಲಾಸಿನ ಅತಿ ಚಿಕ್ಕವರ ಪಕ್ಕ ಕೂತಿದ್ದಾರೆ.

‘ಇವರು ಉದ್ದ ಆಗಿದ್ದು ಪಿಯುಸಿಯಲ್ಲಿ. ಅತ್ತೆ ಹೇಳ್ತಿದ್ರು, ಒಂದೇ ವರ್ಷಕ್ಕೆ ಪ್ಯಾಂಟೆಲ್ಲ ಗಿಡ್ಡ ಆಯ್ತು ಅಂತ,’ ಎಂದರು ಅಮ್ಮ.

ಅಜ್ಜ ಆಗ ಬಾಯಿಬಿಟ್ಟರು. ಸೇನೆಗೆ ಸೇರಲು ಮೊದಲ ಸಲ ಹೋದಾಗ ಎತ್ತರ ಸಾಲದೆಂದು ಅವರನ್ನೂ ವಾಪಸ್ ಕಳಿಸಿದ್ದರಂತೆ. ಎರಡು ವರ್ಷ ಬಿಟ್ಟು ಹೋದಾಗ ಆರಾಮಾಗಿ ಪಾಸಾದರಂತೆ. ಇದನ್ನು ಅವರು ಹಿಂದೆ ಮನೆಯಲ್ಲಿ ಹೇಳಿದ್ದೇ ಇಲ್ಲ.

ಹರೆಯ ಯಾವಾಗ ಬರುತ್ತದೆ ಎನ್ನುವುದು ತುಂಬಾ ಮಟ್ಟಿಗೆ ಮನೆತನದಿಂದ ಬರುವ ಗುಣ. ಈ ವ್ಯತ್ಯಾಸದಲ್ಲಿ 50ರಿಂದ 80% ಪಾಲು ಹುಟ್ಟಿನದು ಎಂಬ ಅಂದಾಜುಗಳಿವೆ. ಆರೋಗ್ಯವಂತ ಹುಡುಗ ತಡವಾಗಿ ಬೆಳೆಯುವುದಕ್ಕೆ ಅತಿ ಸಾಮಾನ್ಯ ಕಾರಣವೇ ಇದು, ಅಪ್ಪನೋ ಅಮ್ಮನೋ ಹಾಗೇ ತಡವಾಗಿ ಬೆಳೆದಿರುತ್ತಾರೆ. ಅಜ್ಜ ಹೇಳಿದ ‘ರಕ್ತ’ದ ಮಾತು ಹಾಗೆ ನೋಡಿದರೆ ಸರಿಯೇ. ಮೂರು ತಲೆಮಾರಿನಿಂದ ಈ ಮನೆಯಲ್ಲಿ ಇಳಿದು ಬಂದಿದ್ದ ಗುಣ ಈ ತಡ. ದುಡ್ಡು ಕೊಟ್ಟು ತರಿಸಿದ ವರದಿಯಲ್ಲಿ ಅದರ ಸುದ್ದಿಯೇ ಇಲ್ಲ. ಮನೆಯ ಕಪಾಟಿನಲ್ಲಿತ್ತು.

ಮೈಸೂರಿನಲ್ಲಿ

ಆದರೂ ಫೋಟೋ ನೋಡಿ ಸುಮ್ಮನಾಗುವಂತಿಲ್ಲ. ಹದಿನಾಲ್ಕು ತುಂಬಿದರೂ ಹುಡುಗನಲ್ಲಿ ಹರೆಯದ ಯಾವ ಲಕ್ಷಣವೂ ಕಾಣದಿದ್ದರೆ ವೈದ್ಯರು ನೋಡಲೇಬೇಕು. ಥೈರಾಯ್ಡ್ ತೊಂದರೆ, ಕರುಳಿನ ಕಾಯಿಲೆ, ಊಟ ಸಾಲದಿರುವುದು, ಹಾರ್ಮೋನ್ ಕೊರತೆ, ಇವೆಲ್ಲವೂ ಹೀಗೆ ಕಾಣಿಸಿಕೊಳ್ಳಬಹುದು. ಮನೆಯವರು ಅವನನ್ನು ಮೈಸೂರಿನ ಮಕ್ಕಳ ವೈದ್ಯರ ಹತ್ತಿರ ಕರೆದುಕೊಂಡು ಹೋದರು. ಹರೆಯ ಆಗಷ್ಟೇ ಶುರುವಾಗಿದೆ ಎಂದರು ವೈದ್ಯರು. ರಕ್ತ ಪರೀಕ್ಷೆಗಳಲ್ಲಿ ಏನೂ ತೊಂದರೆ ಇರಲಿಲ್ಲ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ನೋಡಿ ಮೂಳೆಯ ವಯಸ್ಸು ಸುಮಾರು ಹನ್ನೆರಡೂವರೆ ಎಂದು ಬರೆದರು.

(ನಮ್ಮಲ್ಲಿ ಈ ಎಕ್ಸ್‌ರೇಗೆ ಇನ್ನೊಂದು ಬಳಕೆ ಇದೆ. ವಯಸ್ಸು ಕದ್ದು ಆಡುವವರನ್ನು ಹಿಡಿಯಲು ಬಿಸಿಸಿಐ ಟಿಡಬ್ಲ್ಯೂ3 ಎಂಬ ವಿಧಾನದಲ್ಲಿ ಮಣಿಕಟ್ಟಿನ ಮೂಳೆ ನೋಡಿಸುತ್ತದೆ. ಮೂಳೆ ಹೇಳುವುದು ಮೈ ಎಷ್ಟು ಬೆಳೆದಿದೆ ಎಂದು. ಹುಟ್ಟಿದ ದಿನಾಂಕ ಅದಕ್ಕೆ ಗೊತ್ತಿಲ್ಲ. ಇವನ ಎಕ್ಸ್‌ರೇ ಮಾತ್ರ ನೋಡಿದ್ದರೆ ಎರಡು ವರ್ಷ ಕಡಿಮೆ ಎಂದೇ ಹೇಳುತ್ತಿದ್ದರು.)

ಅಪ್ಪ ಅಲ್ಲಿ ‘ಬೆಳೆಯೋ ಇಂಜೆಕ್ಷನ್’ ಬಗ್ಗೆ ಕೇಳಿದರು. ಕೇಳುವುದರಲ್ಲಿ ತಪ್ಪಿಲ್ಲ, ಜಿಮ್‌ಗಳಲ್ಲಿ ಇದರ ಮಾತು ಓಡಾಡುತ್ತಿರುತ್ತದೆ. ಹರೆಯ ಬಹಳವೇ ತಡವಾದಾಗ ಹಾರ್ಮೋನ್ ತಜ್ಞರು ಸ್ವಲ್ಪ ಕಾಲ ಸಣ್ಣ ಪ್ರಮಾಣದಲ್ಲಿ ಟೆಸ್ಟೋಸ್ಟಿರಾನ್ ಕೊಡುವುದುಂಟು. ಆದರೆ ಇವನಿಗೆ ಹರೆಯ ಶುರುವಾಗಿತ್ತು, ಬೇಕಾಗಿರಲಿಲ್ಲ. ಬೇಡದ ಕಡೆ ಕೊಟ್ಟರೆ ಮೂಳೆಯ ತುದಿಗಳು ಬೇಗ ಮುಚ್ಚಿಕೊಂಡು ಇದ್ದ ಎತ್ತರವೂ ಕಡಿಮೆಯಾಗಬಹುದು. ಟೆಸ್ಟೋಸ್ಟಿರಾನ್, ಗ್ರೋತ್ ಹಾರ್ಮೋನ್ ಎರಡೂ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ನಿಷೇಧಿತ ಪಟ್ಟಿಯಲ್ಲಿವೆ ಎಂಬುದು ಬೇರೆ. ವೈದ್ಯರು ಬರೆದುಕೊಟ್ಟದ್ದು ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದಷ್ಟೇ.

ಮಾಡಿದ ಬದಲಾವಣೆಗಳು

ಹಾಕಿ ಬಿಡಿಸಲಿಲ್ಲ. ಇದು ಮೊದಲ ತೀರ್ಮಾನ, ಅಪ್ಪನಿಂದಲೇ ಬಂತು. ಅಜ್ಜ ಅದನ್ನು ತಮ್ಮ ಗೆಲುವೆಂದು ಎಣಿಸಿಕೊಂಡರು, ಯಾರೂ ತಿದ್ದಲು ಹೋಗಲಿಲ್ಲ.

ಜಾಗ ಬದಲಿಸಿದೆವು. ಫಾರ್ವರ್ಡ್‌ನಲ್ಲಿ ಅವನು ಪ್ರತಿ ಚೆಂಡಿಗೂ ದೊಡ್ಡ ಹುಡುಗರ ಜತೆ ಓಡಿ ಸೋಲುತ್ತಿದ್ದ. ಮೇಷ್ಟ್ರು ಅವನನ್ನು ಮಿಡ್‌ಫೀಲ್ಡ್‌ಗೆ ತಂದರು. ಇಂದಿನ ಹಾಕಿಯಲ್ಲಿ ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್, ಬೇಕಾದಾಗ ಬದಲಿ ಆಟಗಾರ. ಆಟದಲ್ಲಿ 100 ಮೀಟರ್ ನೇರ ಓಟ ಎಲ್ಲೂ ಇಲ್ಲ. ಹತ್ತು ಇಪ್ಪತ್ತು ಮೀಟರ್‌ನ ಚುರುಕು ಓಟ, ನಿಲ್ಲು, ಬಗ್ಗು, ತಿರುಗು, ಮತ್ತೆ ಓಡು. ಮತ್ತೆ ಮತ್ತೆ ಓಡಿ ಸುಧಾರಿಸಿಕೊಳ್ಳುವ ಅವನ ಮೈಗೆ ಈ ಜಾಗ ಆ ಹೊತ್ತಿಗೆ ಹೊಂದುತ್ತಿತ್ತು.

ವಾರದಲ್ಲಿ ಒಂದು ದಿನ ಮೇಷ್ಟ್ರು ತಂಡಗಳನ್ನು ಕ್ಲಾಸಿನ ಪ್ರಕಾರ ಮಾಡದೆ ಮೈಯ ಬೆಳವಣಿಗೆ ನೋಡಿ ಮಾಡಲು ಶುರು ಮಾಡಿದರು. ಇಂಗ್ಲೆಂಡಿನ ಫುಟ್‌ಬಾಲ್ ಅಕಾಡೆಮಿಗಳಲ್ಲಿ ಇದನ್ನು ಬಯೋ-ಬ್ಯಾಂಡಿಂಗ್ ಎನ್ನುತ್ತಾರೆ. ನಮ್ಮ ಹುಡುಗ ಏಳನೇ ಕ್ಲಾಸಿನವರ ಜತೆ ಆಡಿದ. ಮೊದಲು ಅವಮಾನ ಅನ್ನಿಸಿತು ಅವನಿಗೆ. ಆಮೇಲೆ ಚೆಂಡು ಕಾಲ ಹತ್ತಿರ ಹೆಚ್ಚು ಹೊತ್ತು ಉಳಿಯತೊಡಗಿತು. ಡಾಡ್ಜ್ ಮಾಡುವ ಧೈರ್ಯ ಬಂತು. ಇದರಿಂದ ಲಾಭ ಆದದ್ದು ಅವನಿಗೊಬ್ಬನಿಗೇ ಅಲ್ಲ. ಎತ್ತರದ ಹುಡುಗರು ಪಿಯುಸಿಯವರ ಜತೆ ಆಡಬೇಕಾಯಿತು. ಬರೀ ಮೈಬಲದಿಂದ ಗೆಲ್ಲುತ್ತಿದ್ದವರಿಗೆ ಅಲ್ಲಿ ಪಾಸ್ ಕೊಡಲೇಬೇಕಾಯಿತು. ಹಾಕಿ ನಮ್ಮೆಯಲ್ಲಿ ಒಕ್ಕದ ತಂಡಗಳು ಎಲ್ಲ ವಯಸ್ಸಿನವರನ್ನು ಕಲಸಿ ಆಡಿಸುವುದರಿಂದಲೂ ಮಕ್ಕಳು ಹೀಗೇ ಕಲಿಯುತ್ತಾರೆ ಎಂಬುದು ನನ್ನ ಊಹೆ. ಚಿಕ್ಕಪ್ಪನಿಗಿಂತ ವೇಗವಾಗಿ ಓಡಲು ಆಗದಿದ್ದರೆ, ಚೆಂಡು ಎಲ್ಲಿ ಬರುತ್ತದೆ ಎಂದು ಮೊದಲೇ ಊಹಿಸುವುದೊಂದೇ ದಾರಿ.

ಮೂರು ತಿಂಗಳಿಗೊಮ್ಮೆ ಎತ್ತರ ಅಳೆದೆವು. ಅದೇ ಗೋಡೆ, ಬೆಳಗಿನ ಅದೇ ಹೊತ್ತು. ಸಂಜೆಗೆ ಬೆನ್ನುಮೂಳೆ ಕುಗ್ಗಿ ಒಂದು ಸೆಂ.ಮೀ.ವರೆಗೂ ಕಡಿಮೆ ಬರುತ್ತದೆ, ಹೊತ್ತು ಬದಲಾದರೆ ಲೆಕ್ಕ ಕೆಡುತ್ತದೆ. ಊಟದಲ್ಲಿ ದೊಡ್ಡ ಬದಲಾವಣೆ ಏನೂ ಬೇಕಾಗಿರಲಿಲ್ಲ. ಕಡಂಬುಟ್ಟು, ಪಂದಿ ಕರಿ, ಮೊಟ್ಟೆ ಇರುವ ಮನೆಯಲ್ಲಿ ಪ್ರೋಟೀನ್ ಪುಡಿಗೆ ಏನು ಕೆಲಸ? ಬೆಳಗಿನ ತಿಂಡಿ ಬಿಟ್ಟು ಬಸ್ ಹತ್ತುವುದನ್ನು ಮಾತ್ರ ನಿಲ್ಲಿಸಿದೆವು. ರಾತ್ರಿ ಫೋನ್ ಅಮ್ಮನ ಹತ್ತಿರ.

ಹದಿನೈದು ದಾಟಿದ ಮೇಲೆ ಬೆಳವಣಿಗೆ ಹಿಡಿಯಿತು. ಮೊದಲ ವರ್ಷ 6 ಸೆಂ.ಮೀ., ಮುಂದಿನ ವರ್ಷ 10. ಅದರ ಜತೆಗೆ ಬಂದದ್ದು ಮೊಣಕಾಲ ಕೆಳಗಿನ ನೋವು. ಮೂಳೆ ಬೇಗ ಉದ್ದವಾಗುವಾಗ ತೊಡೆಯ ಸ್ನಾಯು ಮೊಣಕಾಲ ಕೆಳಗೆ ಮೂಳೆಗೆ ಅಂಟಿಕೊಳ್ಳುವ ಜಾಗವನ್ನು ಎಳೆಯುತ್ತದೆ, ಅಲ್ಲಿ ಗಂಟಿನ ಹಾಗೆ ಊದಿ ನೋಯುತ್ತದೆ. ಆಸ್‌ಗುಡ್-ಶ್ಲಾಟರ್ ಎಂದು ಇದರ ಹೆಸರು. ಜಿಗಿತ, ಜೋರು ಓಟ ಕಡಿಮೆ ಮಾಡಿ ಹಲವು ತಿಂಗಳು ಸುಧಾರಿಸಬೇಕಾಯಿತು. ಅದೇ ಕಾಲಕ್ಕೆ ಅವನ ಸ್ಟಿಕ್ ಕೆಲಸವೂ ಕೆಟ್ಟಿತು. ಚೆಂಡು ಕಾಲಡಿ ಹೋಗುತ್ತಿತ್ತು, ತಿರುಗುವಾಗ ಮುಗ್ಗರಿಸುತ್ತಿದ್ದ. ತೋಳು ಕಾಲು ಇದ್ದಕ್ಕಿದ್ದಂತೆ ಉದ್ದವಾದಾಗ ಕೆಲವರಿಗೆ ಹೀಗಾಗುತ್ತದೆ. ಈ ಹೊತ್ತಿನಲ್ಲೇ ಆಯ್ಕೆ ನಡೆದಿದ್ದರೆ ಅವನು ಇನ್ನೊಮ್ಮೆ ಬೀಳುತ್ತಿದ್ದ. ನನ್ನ ಪ್ರಕಾರ ಇಡೀ ಎರಡೂವರೆ ವರ್ಷದಲ್ಲಿ ಕಷ್ಟದ ಕಾಲ ಇದೇ. ಅಪ್ಪ ಆಗ ವರದಿಯನ್ನು ಮತ್ತೆ ತೆರೆದು ನೋಡಿದರು ಎಂದು ಅಮ್ಮ ಹೇಳಿದರು.

ಹದಿನೇಳಕ್ಕೆ

ಹದಿನೇಳನೇ ವಯಸ್ಸಿಗೆ ಎತ್ತರ 169 ಸೆಂ.ಮೀ., ಇನ್ನೂ ಸ್ವಲ್ಪ ಬಾಕಿ ಇರಬಹುದು. 30 ಮೀಟರ್ ಓಟ 4.6 ಸೆಕೆಂಡು. ಹದಿನಾಲ್ಕರಲ್ಲಿ ಆಯ್ಕೆಯಾಗಿದ್ದ ಎತ್ತರದ ಹುಡುಗನೂ ಈಗ 4.5ರ ಸುತ್ತ ಇದ್ದಾನೆ. ಅವನು ಮೂರು ವರ್ಷದಲ್ಲಿ ಎರಡು ಹತ್ತಂಶ ಇಳಿಸಿದ್ದಾನೆ, ಇವನು ಏಳು. ಇಬ್ಬರ ನಡುವೆ ಒಂದು ಹತ್ತಂಶ ಉಳಿದಿದೆ. ಎಸಿಟಿಎನ್-3 ತನ್ನ ಪಾಲು ಕೇಳುವುದಾದರೆ ಆ ಹತ್ತಂಶದೊಳಗೆ ಎಲ್ಲೋ ಇರಬಹುದು. ಅಷ್ಟು ಸಣ್ಣದನ್ನು ಮೈದಾನದಲ್ಲಿ ಯಾರೂ ಬೇರೆ ಮಾಡಿ ನೋಡಲಾರರು.

ಅವನು ಭಾರತ ತಂಡಕ್ಕೆ ಆಡುತ್ತಾನೋ? ಮೇಷ್ಟ್ರು ‘ಇಲ್ಲ ಅನ್ಸುತ್ತೆ’ ಎನ್ನುತ್ತಾರೆ, ನನಗೂ ಹಾಗೇ ಅನ್ನಿಸುತ್ತದೆ. ಒಳ್ಳೆಯ ಹಾಫ್ (ಮಿಡ್‌ಫೀಲ್ಡ್ ಆಟಗಾರ), ಆಟ ಓದುತ್ತಾನೆ, ಎಡಗಡೆಯ ಟ್ಯಾಕಲ್ ಇನ್ನೂ ಬಲವಾಗಬೇಕು. ಕಾಲೇಜು ತಂಡದಲ್ಲಿ ಖಾಯಂ. ಕಳೆದ ಹಾಕಿ ನಮ್ಮೆಯಲ್ಲಿ ಒಕ್ಕದ ತಂಡದಲ್ಲಿ ಅಪ್ಪನ ಜತೆ ಆಡಿದ. ಎರಡನೇ ಸುತ್ತಿನಲ್ಲಿ ಸೋತರು.

ಕಿರಿಯರ ವಸತಿ ನಿಲಯದ ವಯಸ್ಸು ಅವನಿಗೆ ದಾಟಿಹೋಯಿತು. ಟರ್ಫ್ ಮೇಲೆ ದಿನಾ ಆಡುವ ಅವಕಾಶ, ಕೋಚ್, ಊಟ, ಎಲ್ಲವೂ ಸಿಗುವುದು ಅಲ್ಲಿ. ಅದು ಸಿಗಬೇಕಾದ ವಯಸ್ಸಿನಲ್ಲಿ ಅವನ ಮೈ ಸಿದ್ಧ ಇರಲಿಲ್ಲ. ಈ ನಷ್ಟವನ್ನು ನಮ್ಮ ಯಾವ ಕೆಲಸವೂ ತುಂಬಲಿಲ್ಲ.

ಮೇಷ್ಟ್ರು ತಮ್ಮ ಶಾಲೆಯ ಆಯ್ಕೆ ಹಾಳೆಯಲ್ಲಿ ಈಗ ಮೂರು ಕಾಲಂ ಸೇರಿಸಿದ್ದಾರೆ: ಹುಟ್ಟಿದ ತಿಂಗಳು, ಅಪ್ಪ ಅಮ್ಮನ ಎತ್ತರ, ಅಪ್ಪ ಅಮ್ಮ ಯಾವ ಕ್ಲಾಸಿನಲ್ಲಿ ಉದ್ದ ಆದರು. ಕೊನೆಯ ಕಾಲಂ ನೋಡಿ ಪೋಷಕರು ನಗುತ್ತಾರೆ, ಆಮೇಲೆ ಯೋಚಿಸಿ ಬರೆಯುತ್ತಾರೆ. ವಸತಿ ನಿಲಯದ ಆಯ್ಕೆಯಲ್ಲೂ ಓಟದ ಅಂಕದ ಪಕ್ಕ ಇದನ್ನು ನೋಡಿ ಎಂದು ಅವರು ಸಂಬಂಧಪಟ್ಟವರಿಗೆ ಒಂದು ಮನವಿ ಕೊಟ್ಟರು. ಹುಡುಗನ ಹೆಸರು ಬಿಟ್ಟು, ಅಳತೆಗಳನ್ನೆಲ್ಲ ಜತೆಗಿಟ್ಟು. ಮನವಿ ತೆಗೆದುಕೊಂಡವರು ಎತ್ತರ, ತೂಕ, 30 ಮೀಟರ್ ಓಟದ ಅಂಕಗಳು ನಿಯಮದಲ್ಲಿ ಇರುವಂತೆಯೇ ನಡೆಯುತ್ತವೆ ಎಂದರು. ಈ ವರ್ಷದ ಆಯ್ಕೆಯೂ ಹಾಗೇ ನಡೆಯಿತು. ಮೇಷ್ಟ್ರು ಕಳಿಸಿದವರಲ್ಲಿ ಪಾಸಾದವರು ಇಬ್ಬರು, ಇಬ್ಬರೂ ಕ್ಲಾಸಿನ ಅತಿ ಎತ್ತರದ ಹುಡುಗರು.